ಟ್ಯಾಕ್ಸಿಲಿ ಮಗು ವಾಂತಿ ಮಾಡಿದ್ರೆ ಎಷ್ಟು ಕೊಡೋದು? | ಮಡಿಕೇರಿ ವ್ಲಾಗ್

ನಮಸ್ಕಾರ. ಮಡಿಕೇರಿ, ಮಂಜು ಇನ್ನೂ ಸರಿದಿಲ್ಲ. ಹಳದಿ ಬೋರ್ಡಿನ ಈ ಗಾಡಿ ಮೈಸೂರಿಂದ ಬಂದಿದ್ದು. ಹಿಂದಿನ ಸೀಟು ಏನಾಗಿದೆ ಅಂತ ಕಾಣ್ತಿದೆ, ತಿಂಡಿ ತಿಂತಾ ನೋಡ್ತಿರೋರು ಸ್ವಲ್ಪ ಆ ಕಡೆ ತಿರುಗಿ.

ಡ್ರೈವರ್ ಅಣ್ಣ ಕೇಳಿದ್ದು 1,500. ಗಾಡಿಲಿ ಬಂದೋರು ಕೊಡ್ತೀವಿ ಅಂದಿದ್ದು 200. ಸಣ್ಣ ಮಗು, ಬೇಕಂತ ಮಾಡಿದ್ದಲ್ಲ, ಒಂದು ಬಕೆಟ್ ನೀರು ಹೊಡೆದ್ರೆ ಆಯ್ತು, 1,500 ಯಾಕೆ ಅಂತಾರೆ ಅವರು. ಮೇಲಿಂದ ನೋಡಿದ್ರೆ ನನಗೂ ಜಾಸ್ತಿ ಅಂತಲೇ ಅನ್ಸುತ್ತೆ. ಸೀಟು ಬಿಚ್ಚಲಿ, ಆಮೇಲೆ ಮಾತಾಡೋಣ.

ಮ್ಯಾಟ್ ತೆಗೆದ್ರು. ಗಟ್ಟಿ ಇರೋದನ್ನ ಹಳೇ ರಟ್ಟಲ್ಲಿ ಅಂಚಿಂದ ಮಧ್ಯಕ್ಕೆ ಬಾಚ್ತಿದಾರೆ, ಅದೇ ಸರಿ. ಒರೆಸೋಕೆ ಹೋಗ್ಬಾರ್ದು, ಉಜ್ಜಿದಷ್ಟೂ ಬಟ್ಟೆ ಒಳಗೆ ಇಳಿಯುತ್ತೆ. ಒಣ ಬಟ್ಟೆ ಇಟ್ಟು ಒತ್ತಿ ಹೀರಿಸ್ಬೇಕು. ನೀರು ತಣ್ಣಗಿರ್ಲಿ. ಮಗು ಹಾಲು ಕುಡಿದಿದ್ರೆ ಬಿಸಿನೀರಿಗೆ ಅದರ ಪ್ರೋಟೀನ್ ಬಟ್ಟೆಗೇ ಹಿಡ್ಕೊಂಬಿಡುತ್ತೆ.

ಮೈಸೂರಿಂದ ಬರೋವಾಗ ಬೈಲಕುಪ್ಪೆ, ಕುಶಾಲನಗರದ ಹತ್ರ ಗಾಡಿ ನಿಲ್ಸಿ ಮಕ್ಕಳಿಗೆ ಮಸಾಲೆ ದೋಸೆ, ಮೇಲೊಂದು ಲೋಟ ಹಾಲು ಕೊಡ್ತಾರಲ್ಲ, ಅದು ಯಾಕೆ ಅಂತ ನನಗೆ ಅರ್ಥ ಆಗಲ್ಲ. ಅಲ್ಲಿವರೆಗೆ ಹೆಚ್ಚುಕಮ್ಮಿ ಸಮತಟ್ಟು ರಸ್ತೆ. ಏರು, ತಿರುವು ಎಲ್ಲಾ ಶುರುವಾಗೋದೇ ಅಲ್ಲಿಂದ ಮುಂದೆ, ಸುಂಟಿಕೊಪ್ಪದ ಕಡೆ. ಎರಡು ಇಡ್ಲಿ ಸಾಕು. ಮೊಬೈಲ್ ಕಿತ್ಕೊಳ್ಳಿ. ಗಾಡಿ ತಿರುಗೋದು ಕಿವಿ ಒಳಗಿನ ಸಮತೋಲನದ ಭಾಗಕ್ಕೆ ಗೊತ್ತಾಗುತ್ತೆ, ಕಣ್ಣು ಮಾತ್ರ ಕಾರ್ಟೂನ್ ನೋಡ್ಕೊಂಡು ಅಲುಗಾಡ್ತಿಲ್ಲ ಅನ್ನುತ್ತೆ. ಆ ಜಗಳಕ್ಕೇ ಹೊಟ್ಟೆ ತೊಳಸೋದು. ಎರಡು ವರ್ಷದ ಒಳಗಿನ ಮಕ್ಕಳಿಗೆ ಇದು ಕಮ್ಮಿ, ಅಲ್ಲಿಂದ ಹನ್ನೆರಡರ ತನಕ ಜಾಸ್ತಿ. ಅವೊಮಿನ್ ಮಾತ್ರೆ ಮೆಡಿಕಲ್‌ನಲ್ಲಿ ಸಿಗುತ್ತೆ ಅಂತ ಸುಮ್ನೆ ಕೊಡ್ಬೇಡಿ. ಅದರಲ್ಲಿರೋ ಪ್ರೊಮೆಥಜೈನ್ ಎರಡು ವರ್ಷದೊಳಗಿನವರಿಗೆ ಕೊಡೋ ಹಾಗೇ ಇಲ್ಲ. ದೊಡ್ಡ ಮಕ್ಕಳಿಗೂ ಎಷ್ಟು ಅಂತ ಡಾಕ್ಟರೇ ಹೇಳ್ಬೇಕು, ಕೊಡೋದೂ ಹೊರಡೋಕೆ ಮುಂಚೆನೇ. ವಾಂತಿ ಶುರುವಾದ ಮೇಲೆ ಕೊಟ್ರೆ ಮಾತ್ರೆನೂ ಸೀಟಿಗೇ. ಕಿತ್ತಳೆ ಸಿಪ್ಪೆ ಮೂಸಿದ್ರೆ ಆಗುತ್ತೆ ಅಂತಾರೆ... ಸೀಟು ಎತ್ತಿದ್ರು, ಇಲ್ಲಿ ನೋಡಿ.

ಕೆಲವು ಗಾಡಿಗೆ ಕ್ಲಿಪ್, ಕೆಲವಕ್ಕೆ ಬೋಲ್ಟ್. ಮುಂದಿನ ಸೀಟಾದ್ರೆ ಕೆಳಗೆ ಹಳದಿ ಕನೆಕ್ಟರ್ ಇದ್ರೆ ಕೈ ಹಾಕ್ಬೇಡಿ, ಅದು ಏರ್‌ಬ್ಯಾಗಿಂದು. ಬ್ಯಾಟರಿ ನೆಗೆಟಿವ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟೇ ಮುಟ್ಟೋದು.

ಫೋಮ್ ಕೆಳಗಿನವರೆಗೂ ಒದ್ದೆ. ರೆಕ್ಸಿನ್ ಕವರ್ ಇತ್ತಲ್ಲ ಅಂತೀರಾ? ಹೊಲಿಗೆ ನೋಡಿ. ಆ ಸಾಲು ತೂತಲ್ಲೇ ಇಳಿದಿರೋದು. ಮ್ಯಾಟ್ ಕೆಳಗೆ ಕಾರ್ಪೆಟ್, ಅದರ ಕೆಳಗಿರೋ ಫೆಲ್ಟ್ ಕೂಡ ನೆನೆದಿದೆ. ಆಯ್ತು, ಅವರು ಹೇಳಿದ 200 ಸಾಲಲ್ಲ. 1,500 ಜಾಸ್ತಿ ಅಂತ ನಾನು ಅಂದಿದ್ದೂ ವಾಪಸ್.

ಲೆಕ್ಕ ನೋಡಿ. ಬರೀ ರೆಕ್ಸಿನ್ ಮೇಲೆ, ಮ್ಯಾಟ್ ಮೇಲೆ ಬಿದ್ದಿದ್ರೆ 300, 400 ಕೊಟ್ಟು ಕೈ ಮುಗಿಯೋದು ಸರಿ. ಫೋಮಿಗೆ ಇಳಿದಿದ್ರೆ ಶಾಂಪೂ ಹಾಕಿ, ವ್ಯಾಕ್ಯೂಮಲ್ಲಿ ನೀರು ಎಳೆದು, ಒಣಗಿಸ್ಬೇಕು. ಗಾಡಿ ಅಷ್ಟು ಹೊತ್ತು ನಿಂತಿರುತ್ತೆ, ತಲಕಾವೇರಿಗೆ ಒಂದು ಬಾಡಿಗೆ ಇದ್ರೆ ಅದೂ ಹೋಯ್ತು. ಬಹಳ ಜನ ಡ್ರೈವರ್‌ಗಳಿಗೆ ಗಾಡಿ ಸ್ವಂತದ್ದಲ್ಲ. ಓನರ್ ಕ್ಲೀನಿಂಗ್ ದುಡ್ಡು ಹಿಡಿಯೋದು ಇವರ ಬಾಟಾದಲ್ಲೇ, ಅಂದ್ರೆ ದಿನದ ಭತ್ಯೆಲಿ. ಹಾಗಂತ ಕೇಳಿದ್ದೆಲ್ಲಾ ಕೊಡಿ ಅಂತಲ್ಲ. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಕೇಳಿ: ತೊಳೆಯೋಕೆ ಎಷ್ಟು, ತಪ್ಪಿದ ಬಾಡಿಗೆಗೆ ಎಷ್ಟು. "ಹಂಗೆ ಒಂದು ಮೂರು ಸಾವಿರ ಕೊಡಿ ಸಾರ್" ಅಂದ್ರೆ ಸರ್ವಿಸ್ ಸ್ಟೇಷನ್‌ಗೇ ಜೊತೆಗೆ ಹೋಗಿ ಬಿಲ್ ಕಟ್ಬಿಡಿ. ವಾಂತಿ ಆದ ತಕ್ಷಣ ಫೋಟೋ ತೆಗೆದು ಅಲ್ಲೇ ಮಾತಾಡಿ ಮುಗಿಸಿ. ಇಳಿಯೋವಾಗ ಲಗೇಜ್ ಕೈಲಿ ಹಿಡ್ಕೊಂಡು ಚೌಕಾಸಿ ಶುರು ಮಾಡಿದ್ರೆ ಎರಡೂ ಕಡೆ ದನಿ ಏರುತ್ತೆ. ಇಲ್ಲಿ ಜಾಸ್ತಿ ಬಾಡಿಗೆ ಸ್ಟ್ಯಾಂಡಲ್ಲಿ, ಇಲ್ಲಾ ಫೋನಲ್ಲೇ ಮಾತಾಗೋದು. ಮಧ್ಯೆ ಆಪ್ ಇಲ್ಲ, ತೀರ್ಮಾನ ಮಾಡೋರೂ ಇಲ್ಲ. ದುಡ್ಡು ಹಾಕುವಾಗ ಬಾಡಿಗೆ ಬೇರೆ, ಕ್ಲೀನಿಂಗ್ ಬೇರೆ ಹಾಕಿ.

ಹಾಂ, ವಾಂತಿ ಬಂದ್ರೆ ಗಾಡಿ ನಿಲ್ಲಿಸೋ ಜಾಗ. ತಿರುವಲ್ಲಿ ಬೇಡ. ಸಂಪಾಜೆ ಘಾಟಿಲಿ ಇಳಿಯೋವಾಗಂತೂ ಹಿಂದೆ ಲಾರಿ ಇರುತ್ತೆ. ಎರಡು ನಿಮಿಷ ತಡ್ಕೊಳ್ಳೋಕೆ ಕವರ್ ಬೇಕು: ತೂತಿಲ್ಲದ ಬ್ರೆಡ್ ಕವರ್, ಒಂದರೊಳಗೆ ಒಂದು, ಬಾಯಿ ಹೊರಕ್ಕೆ ಮಡಚಿ ಮಗು ಕೈಲೇ ಕೊಟ್ಟಿರಿ. ಪೇಪರ್ ಕವರ್ ತಳ ಕಿತ್ತೋಗುತ್ತೆ.

ಈಗ ಸೀಟ್ ಬೆಲ್ಟ್. ಎಲ್ಲರೂ ಬಿಡೋದು ಇದನ್ನೇ. ಪೂರ್ತಿ ಹೊರಗೆಳೆದು, ವಾಪಸ್ ಹೋಗ್ದಿರೋ ಹಾಗೆ ಕ್ಲಿಪ್ ಹಾಕಿ, ಸೋಪು ನೀರಲ್ಲಿ ಒರೆಸಿ, ಒಣಗೋ ತನಕ ಹಾಗೇ ಬಿಡ್ಬೇಕು. ಒದ್ದೆ ಬೆಲ್ಟ್ ಒಳಗೆ ಸುತ್ಕೊಂಡ್ರೆ ವಾಸನೆ ಅಲ್ಲೇ ಕೂರುತ್ತೆ. ಬ್ಲೀಚ್ ಮುಟ್ಟಿಸ್ಬೇಡಿ, ಬೆಲ್ಟಿನ ನೂಲಿನ ಬಲ ಹೋಗುತ್ತೆ. ಫಿನಾಯಿಲ್, ಸೆಂಟು ಹೊಡೆಯೋದು ದಂಡ. ವಾಂತಿ ಜೊತೆ ಮಲ್ಲಿಗೆ ಸೇರಿ ಇನ್ನೂ ಕೆಟ್ಟದಾಗುತ್ತೆ. ಮಗುಗೆ ಜ್ವರ, ಭೇದಿನೂ ಇದ್ರೆ ಅದು ಬರೀ ತಿರುವಿನ ವಾಂತಿ ಅಲ್ಲ, ಕೈಗೆ ಗ್ಲೌಸ್ ಹಾಕೇ ತೊಳೀರಿ.

ಸೀಟ್ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್. ಜನವರಿ ಆದ್ರೆ ಫೋಮನ್ನ ಕಣದಲ್ಲಿ ಕಾಫಿ ಜೊತೆನೇ ಒಣಗಿಸ್ಬಹುದು. ಜುಲೈ ಮಳೆಲಿ ಬ್ಲೋವರ್ ಇಲ್ದೆ ಒಣಗಲ್ಲ, ಬೂಷ್ಟು ಬರುತ್ತೆ. ಆಗ 1,500 ಕೂಡ ಸಾಲಲ್ಲ.

ಒಣಗಿದ ಮೇಲೆ ಗ್ಲಾಸ್ ಏರಿಸಿ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಸಿ, ಬಾಗಿಲು ತೆಗೆದು ಮೂಸಿ ನೋಡಿ. ಇನ್ನೂ ಹುಳಿ ವಾಸನೆ ಇದ್ರೆ ಸೀಟ್ ಬಕಲ್ ಸಂದಿ ನೋಡಿ, ಆಮೇಲೆ ಸೀಟಿನ ಕಬ್ಬಿಣದ ಹಳಿ. ಅಣ್ಣ ಸೀಟ್ ಕೂರಿಸೋಕೆ ಕರೀತಿದಾರೆ, ಬಂದೆ.