ಪ್ಲೂಟೊದಲ್ಲಿ ಗಾಡಿ ನಿಲ್ಲಲಿಲ್ಲ

ಎಲ್ಲರಿಗೂ ನಮಸ್ಕಾರ. ಸ್ವಾಗತ ಮಾಡಿದ ಮೇಡಂ ಪ್ಲೂಟೊವನ್ನು ‘ಮಾಜಿ ಗ್ರಹ’ ಅಂದರು. ಮಾಜಿ ಶಾಸಕರು ಅಂದ ಹಾಗಿತ್ತು! 2006ರ ಆಗಸ್ಟ್‌ನಲ್ಲಿ ಖಗೋಳ ವಿಜ್ಞಾನಿಗಳು ಮತ ಹಾಕಿ ಅದನ್ನು ಕುಬ್ಜ ಗ್ರಹ ಮಾಡಿದರು, ನಿಜ. ಆದರೆ ಅದೇ ವರ್ಷದ ಜನವರಿಯಲ್ಲೇ ಅಮೆರಿಕದ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ಕಡೆಗೆ ಹೊರಟಾಗಿತ್ತು. ಹೊರಟಿದ್ದು ಗ್ರಹಕ್ಕೆ, ತಲುಪಿದ್ದು ಕುಬ್ಜ ಗ್ರಹಕ್ಕೆ. ನೌಕೆಗೇನು, ಸುಮ್ನೆ ಹೋಗ್ತಾ ಇತ್ತು. ಈ ಹೆಸರಿನ ಜಗಳ ನನಗೆ ಬೇಡ. ನನ್ನ ಜಗಳ ಬೇರೆ. ಪ್ಲೂಟೊಗೆ ಇನ್ನೊಮ್ಮೆ ಹೋಗಬೇಕು. ಹೋಗಿ ನಿಲ್ಲಬೇಕು.

ಮೊದಲು ಪ್ಲೂಟೊ ಕಂಡುಹಿಡಿದ ಕ್ಲೈಡ್ ಟಾಂಬೊ ಕತೆ. ಕಲಬುರಗಿಯಲ್ಲಿ ಇದನ್ನು ಹೇಳದೆ ಹೋಗಲಾರೆ. ಅಮೆರಿಕದ ಕಾನ್ಸಾಸ್‌ನಲ್ಲಿ ಒಕ್ಕಲುತನದ ಮನೆ. ಹುಡುಗನಿಗೆ ಕಾಲೇಜಿಗೆ ಹೋಗುವ ಆಸೆ. ಆಲಿಕಲ್ಲು ಮಳೆ ಬಿದ್ದು ಬೆಳೆ ಹೋಯಿತು, ಕಾಲೇಜೂ ಹೋಯಿತು. ಕೊಯ್ಲಿಗೆ ಬಂದ ಜೋಳದ ಮೇಲೆ ಆಲಿಕಲ್ಲು ಬಿದ್ದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಆದರೂ ಅವನು ಹಳೇ ಕಾರಿನ, ಹೊಲದ ಯಂತ್ರಗಳ ಬಿಡಿಭಾಗ ಕೂಡಿಸಿ ದೂರದರ್ಶಕ ಮಾಡಿದ. ಅದರ ಕನ್ನಡಿ ಪರೀಕ್ಷೆ ಮಾಡೋಕೆ ಗಾಳಿ ಆಡದ, ಬಿಸಿ ಏರಿಳಿಯದ ಜಾಗ ಬೇಕು. ನೆಲ ಅಗೆದು ಗುಂಡಿ ತೋಡಿದ. ನಮ್ಮ ಹಗೇವು ಇದ್ದ ಹಾಗೆ ಅನ್ನಿ. ನಮ್ಮಜ್ಜ ಹಗೇವಿನಲ್ಲಿ ಜೋಳ ಬಿಟ್ಟು ಬೇರೇನೂ ಇಡಲಿಲ್ಲ, ಇರಲಿ.

ಮಂಗಳ, ಗುರು ಕಂಡ ಹಾಗೆ ಚಿತ್ರ ಬರೆದು ಲೊವೆಲ್ ವೀಕ್ಷಣಾಲಯಕ್ಕೆ ಕಳಿಸಿದ. ಅವರು ಕೆಲಸಕ್ಕೇ ಕರೆದರು. ಎಂಥ ಕೆಲಸ ಅಂತೀರಿ? ಆಕಾಶದ ಒಂದೇ ಭಾಗದ ಎರಡು ಫೋಟೊ, ಕೆಲವು ದಿನ ಬಿಟ್ಟು ತೆಗೆದದ್ದು. ಅದನ್ನೊಮ್ಮೆ ಇದನ್ನೊಮ್ಮೆ ನೋಡಬೇಕು. ಸಾವಿರಾರು ಚುಕ್ಕಿಗಳಲ್ಲಿ ಯಾವುದು ಜರುಗಿದೆ ಅಂತ ಹುಡುಕಬೇಕು. ಮೊರದಲ್ಲಿ ಕಲ್ಲು ಆರಿಸುವ ಕೆಲಸ, ಆದರೆ ಕಲ್ಲು ಒಂದೇ! 1930ರ ಫೆಬ್ರವರಿ 18ರಂದು ಸಿಕ್ಕಿತು. ಅವನಿಗಾಗ 24 ವರ್ಷ. ಮುಂದೆ ಅವನ ಚಿತಾಭಸ್ಮ ಒಂದಿಷ್ಟು ಇದೇ ನೌಕೆಯಲ್ಲಿ ಹೋಯಿತು.

ಚೀಟಿ ಬಂತು. ಐದೇ ನಿಮಿಷವಂತೆ. ಅಧ್ಯಕ್ಷರೇ, ಇನ್ನೂ ನೌಕೆ ಮುಟ್ಟಿಲ್ಲ!

ಒಂಬತ್ತೂವರೆ ವರ್ಷ ಹೋಗಿ, 2015ರ ಜುಲೈ 14ರಂದು ಸುಮಾರು 12,500 ಕಿ.ಮೀ. ದೂರದಿಂದ ಹಾದುಹೋಯಿತು. ಸೆಕೆಂಡಿಗೆ ಸುಮಾರು 14 ಕಿ.ಮೀ. ವೇಗ. ಅಷ್ಟು ವೇಗಕ್ಕೆ ಬ್ರೇಕ್ ಹಾಕುವಷ್ಟು ಇಂಧನ ಆ ಪುಟ್ಟ ನೌಕೆ ಹೊರಲಾರದು. ಶಹಾಬಾದ್‌ನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಕೂತು ಊರು ನೋಡಿದ ಹಾಗೆ. ಕಿಟಕಿ ಕಡೆಗಿದ್ದದ್ದು ಕಂಡಿತು, ಅಷ್ಟೇ. ಪ್ಲೂಟೊ ಒಂದು ಸುತ್ತು ತಿರುಗೋಕೆ ಆರು ದಿನಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಇನ್ನೊಂದು ಮಗ್ಗುಲಿನ ಫೋಟೊ ದೂರದಿಂದ ತೆಗೆದದ್ದು, ಮಸುಕು.

ಕಂಡ ಮಗ್ಗುಲಲ್ಲೇ ಏನೆಲ್ಲ ಇತ್ತು! ಸಾರಜನಕದ ಹಿಮದ ಬಯಲು, ಅಲ್ಲಿ ಆಕಾಶದಿಂದ ಕಲ್ಲು ಬಿದ್ದು ಆಗುವ ಕುಳಿಗಳೇ ಕಾಣಲ್ಲ. ಅಂದರೆ ನೆಲ ಹೊಸದು, ಒಲೆ ಮೇಲಿನ ಅಂಬಲಿ ಹಾಗೆ ಕೆಳಗಿನದು ಮೇಲೆ ಬರ್ತಾ ಇದೆ. ಮೈನಸ್ 230 ಡಿಗ್ರಿ ಚಳಿಯಲ್ಲಿ! ಪಕ್ಕದಲ್ಲಿ ನೀರಿನ ಮಂಜುಗಡ್ಡೆಯ ಬೆಟ್ಟಗಳು. ಈ ಊರಿಗೆ ಸುತ್ತುವ ನೌಕೆ ಬೇಡವಾ? ನಿಲ್ಲಬೇಕು ಅಂದರೆ ನಿಧಾನ ಹೋಗಬೇಕು, ವರ್ಷಗಳು ಜಾಸ್ತಿ ಹಿಡೀತವೆ. ಹಿಡೀಲಿ.

ಪ್ಲೂಟೊದ ಉಪಗ್ರಹ ಕ್ಯಾರನ್, 2019ರಲ್ಲಿ ಇದೇ ನೌಕೆ ಹತ್ತಿರದಿಂದ ನೋಡಿದ ಆರೊಕೊತ್ ಅನ್ನೋ ಪುಟ್ಟ ಆಕಾಶಕಾಯ, ಎಲ್ಲ ಉಳಿದುಬಿಟ್ಟವು. ಗುಂಡಿಯಲ್ಲೇ ಜಾಸ್ತಿ ಹೊತ್ತು ಕೂತೆ. ಚಹಾ ಆರ್ತಾ ಇದೆಯಂತೆ, ನಡೀರಿ, ಕ್ಯಾರನ್ ಕತೆ ಅಲ್ಲೇ ಹೇಳ್ತೀನಿ.