ಇಡೀ ರಾತ್ರಿಯ ಆಟಕ್ಕೆ ಎಂಥ ಡಿಸ್ಕ್ ಬೇಕು?

ಮಾನ್ಯ ಸಭಿಕರೇ,

ಯಕ್ಷಗಾನವನ್ನು ಚಿತ್ರೀಕರಿಸುವ ಗೆಳೆಯರು ಮೊದಲು ಕೇಳುವ ಪ್ರಶ್ನೆ, ಎಷ್ಟು ಟಿಬಿಯ ಡಿಸ್ಕ್ ಕೊಳ್ಳಬೇಕು ಎಂಬುದು. ಇದಕ್ಕೆ ಲೆಕ್ಕ ಸುಲಭ. ಕ್ಯಾಮೆರಾ 4ಕೆ ಚಿತ್ರವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸುತ್ತಿದ್ದರೆ ಗಂಟೆಗೆ 45 ಜಿಬಿ, ಎಂಟು ಗಂಟೆಯ ಆಟಕ್ಕೆ 360 ಜಿಬಿ ಬೇಕು. ಅದೇ ಚಿತ್ರವನ್ನು, ಎಡಿಟಿಂಗ್ ಸಲೀಸಾಗಲೆಂದು ಪ್ರೊರೆಸ್ 422 ಎಂಬ, ಕಡಿಮೆ ಅದುಮಿದ ರೂಪದಲ್ಲಿ ಸೆಕೆಂಡಿಗೆ 25 ಫ್ರೇಮಿನಂತೆ ನೇರವಾಗಿ ಡಿಸ್ಕಿಗೆ ಇಳಿಸಿಕೊಂಡರೆ ಗಂಟೆಗೆ ಸುಮಾರು 221 ಜಿಬಿ, ರಾತ್ರಿಗೆ ಸುಮಾರು 1.8 ಟಿಬಿ ತುಂಬುತ್ತದೆ. ಆದರೆ ಜಾಗ ಸಾಲದೆ ಕೆಟ್ಟ ರೆಕಾರ್ಡಿಂಗುಗಳನ್ನು ನಾನು ಕಂಡದ್ದು ಕಡಿಮೆ. ಹೆಚ್ಚಿನವು ಕೆಟ್ಟದ್ದು, ಸಂಜೆ ಚೆನ್ನಾಗಿ ಓಡುತ್ತಿದ್ದ ಡಿಸ್ಕ್ ನಡುರಾತ್ರಿ ಕಳೆದ ಮೇಲೆ ನಿಧಾನವಾದದ್ದರಿಂದ.

ಹಾಗೇಕೆ ಆಗುತ್ತದೆ ಎಂಬುದಕ್ಕೆ ರಾಗಿಕಲ್ಲನ್ನು ನೆನಪಿಸಿಕೊಳ್ಳಿ. ಒಂದು ಸುತ್ತು ತಿರುಗಿಸಿದಾಗ ಕಲ್ಲಿನ ಅಂಚು ಸಾಗುವ ದಾರಿ ಉದ್ದ, ನಡುವಿನ ಗೂಟದ ಹತ್ತಿರ ಸಾಗುವ ದಾರಿ ಗಿಡ್ಡ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸುತ್ತು ಒಂದೇ ಸಮನೆ ತಿರುಗುತ್ತದೆ. ಬರವಣಿಗೆ ಹೊರ ಅಂಚಿನಿಂದ ಆರಂಭವಾಗಿ ಒಳಗೆ ಸಾಗುತ್ತದೆ. ಒಳಗೆ ಹೋದಂತೆ ಒಂದು ಸುತ್ತಿನಲ್ಲಿ ಹಿಡಿಸುವ ದತ್ತಾಂಶ ಕಡಿಮೆಯಾಗುವುದರಿಂದ, ಆರಂಭದಲ್ಲಿ ಸೆಕೆಂಡಿಗೆ 200 ಎಂಬಿ ಬರೆಯುತ್ತಿದ್ದ ಡಿಸ್ಕ್ ತುಂಬುತ್ತ ಬಂದಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಮೊದಲಿನ ಅಂಕಿ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. ಜೇಬಿನಲ್ಲಿ ಹಿಡಿಸುವ ದೊಡ್ಡ ಸಾಮರ್ಥ್ಯದ ಯುಎಸ್‌ಬಿ ಡಿಸ್ಕುಗಳಲ್ಲಿ ಬಹುಪಾಲು ಎಸ್ಎಂಆರ್ ಎಂಬ ವಿಧಾನದವು. ಅವುಗಳಲ್ಲಿ ಬರವಣಿಗೆಯ ಸಾಲುಗಳು ನಮ್ಮ ಮಂಗಳೂರು ಹಂಚಿನ ಮಾಡಿನಂತೆ ಒಂದರ ಮೇಲೊಂದು ಸ್ವಲ್ಪ ಚಾಚಿಕೊಂಡಿರುತ್ತವೆ. ಹೊಸ ಮಾಡಿಗೆ ಹಂಚು ಹೊದಿಸುವುದು ಬೇಗ ಮುಗಿಯುತ್ತದೆ. ನಡುವಿನ ಒಂದು ಒಡೆದ ಹಂಚನ್ನು ಬದಲಿಸಲು ಮೇಲಿನ ಸಾಲನ್ನು ಎತ್ತಬೇಕಾಗುತ್ತದೆ. ಹಳೆಯ ಕಡತಗಳನ್ನು ಅಳಿಸಿ ಮತ್ತೆ ತುಂಬುವಾಗ ಈ ಡಿಸ್ಕುಗಳು ತಡವರಿಸುವುದು ಇದೇ ಕಾರಣಕ್ಕೆ. ಪ್ರತಿಗಳನ್ನು ಇಟ್ಟುಕೊಳ್ಳಲು ಅವು ಸಾಕು, ನೇರ ರೆಕಾರ್ಡಿಂಗಿಗೆ ಬೇಡ.

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಒಂದು ಬಯಲಾಟದಲ್ಲಿ ಜಾಗವಿಲ್ಲವೆಂದು ರಂಗಸ್ಥಳದ ಹಲಗೆಯ ತುದಿಯಲ್ಲೇ, ಧ್ವನಿವರ್ಧಕದ ಪಕ್ಕಕ್ಕೆ ಹಾರ್ಡ್ ಡಿಸ್ಕನ್ನು ಇಟ್ಟಿದ್ದೆ. ಭಾಗವತರ ಪದ್ಯಗಳೆಲ್ಲ ಸರಿಯಾಗಿ ದಾಖಲಾಗಿದ್ದವು. ಪುಂಡುವೇಷದವರು ಧಿಗಿಣ ಹಾರಿದ ಕಡೆಗಳಲ್ಲಿ ಮಾತ್ರ ಫ್ರೇಮುಗಳು ಬಿಟ್ಟುಹೋಗಿ ಚಿತ್ರ ಕುಪ್ಪಳಿಸುತ್ತಿತ್ತು. ಡಿಸ್ಕಿನೊಳಗೆ ಬರೆಯುವ ಮೊನೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಹಲಗೆ ಅದುರಿದರೆ ಮೊನೆ ತನ್ನ ಸಾಲಿನಿಂದ ಸರಿಯುತ್ತದೆ, ಮತ್ತೆ ಸ್ಥಿರವಾಗುವವರೆಗೆ ಡಿಸ್ಕ್ ಬರೆಯುವುದನ್ನು ತಡೆಹಿಡಿಯುತ್ತದೆ. ಚೆಂಡೆ ಏರಿ, ಕುಣಿತ ಕಾವೇರಿದ ಗಳಿಗೆಗಳೇ ನನಗೆ ತಪ್ಪಿಹೋದವು. ಆ ನೋವು ಇನ್ನೂ ಮಾಸಿಲ್ಲ.

ಆದ್ದರಿಂದ ಆಟದ ಬಯಲಿಗೆ ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯನ್ನು ಒಯ್ಯಿರಿ ಎಂದೇ ನನ್ನ ಸಲಹೆ. ಅದರಲ್ಲೂ ಆಯ್ಕೆ ಎಚ್ಚರದಿಂದ ನಡೆಯಬೇಕು. ಅಗ್ಗದ ಎಸ್‌ಎಸ್‌ಡಿಗಳು ಮೊದಲ ಒಂದಷ್ಟು ಜಿಬಿಯನ್ನು ತಮ್ಮ ವೇಗದ ಭಾಗದಲ್ಲಿ ತುಂಬಿಕೊಳ್ಳುತ್ತವೆ. ಅದು ಮುಗಿದೊಡನೆ ಕೆಲವು ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗುತ್ತವೆ. ಕೊಂಡ ದಿನವೇ ಮನೆಯಲ್ಲಿ ಡಿಸ್ಕನ್ನು ಮುಕ್ಕಾಲು ಪಾಲು ತುಂಬಿಸಿ, ಆಮೇಲೆ ಒಂದು ಗಂಟೆ ಎಡೆಬಿಡದೆ ರೆಕಾರ್ಡ್ ಮಾಡಿ ನೋಡಿ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಕಡತ 4 ಜಿಬಿ ದಾಟದು ಎಂಬುದೂ ಆಗಲೇ ತಿಳಿಯುತ್ತದೆ.

ಎಡಿಟಿಂಗಿನ ಅಗತ್ಯ ಬೇರೆ ಬಗೆಯದು. ಮೂರು ಕ್ಯಾಮೆರಾಗಳ 4ಕೆ ಪ್ರೊರೆಸ್ ಕಡತಗಳನ್ನು ಒಟ್ಟಿಗೆ ಓಡಿಸಲು ಸೆಕೆಂಡಿಗೆ ಸುಮಾರು 185 ಎಂಬಿ ಓದಬೇಕು. ಹಾರ್ಡ್ ಡಿಸ್ಕಿಗೆ ಇದು ಸಾಧ್ಯವೆಂದು ತೋರಬಹುದು, ಆದರೆ ಮೂರು ಕಡತಗಳೂ ಮೂರು ಕಡೆ ಇರುವುದರಿಂದ ಮೊನೆ ಪ್ರತಿ ಬಾರಿ ಅತ್ತಿಂದಿತ್ತ ಓಡಬೇಕು, ಹೋದ ಮೇಲೂ ಬೇಕಾದ ಜಾಗ ತಿರುಗಿ ಬರಲು ಸರಾಸರಿ 4 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯಬೇಕು. ಟೈಮ್‌ಲೈನ್ ಮುಗ್ಗರಿಸುವುದು ಅಲ್ಲಿಯೇ. ಹಣ ಕಡಿಮೆಯಿದ್ದರೆ ಪ್ರಸಂಗದಲ್ಲಿ ಈಗ ಎಡಿಟ್ ಮಾಡುತ್ತಿರುವ ಭಾಗವನ್ನಷ್ಟೇ 1 ಟಿಬಿಯ ಎಸ್‌ಎಸ್‌ಡಿಯಲ್ಲಿಟ್ಟು, ಉಳಿದುದನ್ನು ಹಾರ್ಡ್ ಡಿಸ್ಕಿನಲ್ಲಿ ಇರಿಸಿ.

ಕಾಪಿಡುವ ಕೆಲಸಕ್ಕೆ ಹಾರ್ಡ್ ಡಿಸ್ಕೇ ಸರಿ. ಎಸ್‌ಎಸ್‌ಡಿಯನ್ನು ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಒಳಗಿನ ವಿದ್ಯುದಂಶ ಸೋರಿ ದತ್ತಾಂಶ ನಷ್ಟವಾಗಬಹುದು. ವೇಗಕ್ಕಾಗಿ ಎರಡು ಡಿಸ್ಕುಗಳನ್ನು ರೇಡ್ 0 ಆಗಿ, ಅಂದರೆ ಪ್ರತಿ ಕಡತವನ್ನೂ ತುಂಡುಮಾಡಿ ಎರಡಕ್ಕೂ ಹಂಚಿ ಬರೆಯುವಂತೆ ಜೋಡಿಸಿದವರು, ಒಂದು ಕೆಟ್ಟರೆ ಎರಡರಲ್ಲಿದ್ದುದೂ ಹೋಗುತ್ತದೆಂಬುದನ್ನು ತಿಳಿದಿರಬೇಕು. ಮೂರು ಪ್ರತಿಗಳನ್ನು ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಮೇಳದ ಹೆಸರು, ಪ್ರಸಂಗ, ತಾರೀಕುಗಳನ್ನು ಡಿಸ್ಕಿನ ಮೇಲೆಯೇ ಚೀಟಿ ಅಂಟಿಸಿ ಬರೆಯಿರಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮೂರನ್ನೂ ತೆರೆದು, ಬೆಳಗಿನ ಜಾವದ ಮಂಗಳದ ಪದ್ಯದವರೆಗೆ ಕಡತ ಓಡುತ್ತದೆಯೇ ಎಂದು ನೋಡಿ.