ಲಾರಿ ತುಂಬ ಕಾಯಿಗಳು

ಕೇಳುಗರಿಗೆ ನಮಸ್ಕಾರ.

ಶನಿವಾರಸಂತೆ ಕಡೆ ನಮ್ಮದೊಂದು ಕಾಫಿ ತೋಟವಿದೆ. ಮುಂಗಾರು ಹಿಡಿಯಿತೆಂದರೆ ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ಹೊರಡುತ್ತೇವೆ. ಕಾಫಿ ಗಿಡದ ಬುಡದಲ್ಲಿ, ಮೆಣಸಿನ ಬಳ್ಳಿಯ ಮೇಲೆ ಆಫ್ರಿಕನ್ ಬಸವನಹುಳುಗಳು. ಒಂದೊಂದೂ ಅಂಗೈ ತುಂಬುವಷ್ಟು. ಗೋಣಿಚೀಲಕ್ಕೆ ಆರಿಸಿ ಹಾಕುವಾಗ ನನಗೆ ಅನ್ಯಗ್ರಹದ ದಾಳಿಕೋರರ ಸಿನಿಮಾಗಳು ನೆನಪಾಗುತ್ತವೆ.

ಎಚ್.ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿ 1953ರಲ್ಲಿ ಹಾಲಿವುಡ್ ಚಿತ್ರವಾಯಿತು. ಮಂಗಳ ಗ್ರಹದವರ ಯಂತ್ರಗಳ ಮೇಲೆ ಅಣುಬಾಂಬ್ ಹಾಕಿದರೂ ಒಂದು ಗೀರು ಬೀಳುವುದಿಲ್ಲ. ಕೊನೆಗೆ ಅವರನ್ನು ಕೊಲ್ಲುವುದು ನಮ್ಮ ಭೂಮಿಯ ರೋಗಾಣುಗಳು. ನಾವು ತಲೆತಲಾಂತರದಿಂದ ಅವುಗಳೊಡನೆ ಬಾಳಿ ಗಟ್ಟಿಯಾದವರು, ಅವರಿಗೆ ಆ ಅಭ್ಯಾಸವಿಲ್ಲ. ಸೊಗಸಾದ ಯೋಚನೆ. ಆದರೂ ತೋಟದವನಾದ ನನಗೆ ಅದನ್ನು ಒಪ್ಪುವುದು ಕಷ್ಟ. ಹೊರಗಿನಿಂದ ಬಂದ ಜೀವಿಗೆ ಬಲ ಬರುವುದೇ ಅದರ ವೈರಿಗಳು ತವರಿನಲ್ಲಿ ಉಳಿದುಬಿಡುವುದರಿಂದ. ಈ ಹುಳುವಿನ ತವರು ಪೂರ್ವ ಆಫ್ರಿಕ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಬಂತು, ತಂದವನು ಮನುಷ್ಯನೇ. ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ, ಒಂದು ಸಲಕ್ಕೆ ನೂರಾರು ಮೊಟ್ಟೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಿನಲ್ಲಿ ಮಲಗಿ, ಮಳೆ ಬಿದ್ದೊಡನೆ ಏಳುತ್ತದೆ.

ನನ್ನ ಮಟ್ಟಿಗೆ ನಿಜ ಹೇಳಿದ ಚಿತ್ರ 1956ರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’. ಅದರಲ್ಲಿ ಹಾರುವ ತಟ್ಟೆಯಿಲ್ಲ, ಬೆಂಕಿಯುಗುಳುವ ಯಂತ್ರವಿಲ್ಲ. ಬಾಹ್ಯಾಕಾಶದಲ್ಲಿ ತೇಲಿ ಬಂದ ಬೀಜ ರೈತನೊಬ್ಬನ ಹೊಲದಲ್ಲಿ ಬೇರು ಬಿಡುತ್ತದೆ, ಆಳೆತ್ತರದ ಮೈ ಹಿಡಿಸುವಂಥ ಕಾಯಿಗಳಾಗುತ್ತವೆ. ಜನ ನಿದ್ದೆ ಹೋದಾಗ ಕಾಯಿಯೊಳಗಿನಿಂದ ಅವರದೇ ರೂಪ ಎದ್ದು ಬರುತ್ತದೆ. ಇವಳು ನನ್ನ ಅಮ್ಮನಲ್ಲ ಎಂದು ಹುಡುಗನೊಬ್ಬ ಹೆದರಿ ಅಳುತ್ತಾನೆ. ದೊಡ್ಡವರು ನಂಬುವುದಿಲ್ಲ. ಕೊನೆಗೆ ಊರಿನ ಡಾಕ್ಟರು ತಪ್ಪಿಸಿಕೊಂಡು ಹೆದ್ದಾರಿಗೆ ಓಡಿಬರುತ್ತಾರೆ, ಒಂದು ಲಾರಿಯ ಹಿಂಬದಿ ಹತ್ತಿ ನೋಡುತ್ತಾರೆ. ತುಂಬ ಕಾಯಿಗಳು. ಬೇರೆ ಊರುಗಳಿಗೆ ಹೊರಟಿವೆ.

ಆ ಲಾರಿಯನ್ನು ಕಂಡು ನನ್ನ ಮೈ ಜುಮ್ಮೆಂದಿತು. ಬಸವನಹುಳುವೂ ಊರೂರು ಸುತ್ತುವುದು ಹೀಗೆಯೇ. ನರ್ಸರಿ ಸಸಿಯ ಮಣ್ಣಿನಲ್ಲಿ, ಗೊಬ್ಬರದಲ್ಲಿ, ಮರದ ದಿಮ್ಮಿಗೆ ಅಂಟಿಕೊಂಡು. ಲಾರಿ ಓಡಿಸುವವನಿಗೂ ಗೊತ್ತಿರುವುದಿಲ್ಲ, ಇಳಿಸಿಕೊಳ್ಳುವ ನಮಗೂ ಗೊತ್ತಾಗುವುದಿಲ್ಲ.

ಅಂದಿನಿಂದ ತೋಟಕ್ಕೆ ಸಸಿ ಬಂದರೆ, ಇಳಿಸುವ ಮೊದಲು ಒಂದೊಂದೇ ಚೀಲದ ಮಣ್ಣನ್ನು ಬೆರಳಿನಿಂದ ಬಿಡಿಸಿ ನೋಡುತ್ತೇನೆ. ಕಾಳುಮೆಣಸಿನ ಗಾತ್ರದ, ನಸುಹಳದಿ ಬಣ್ಣದ ಮೊಟ್ಟೆಗಳು ಎಲ್ಲಾದರೂ ಇವೆಯೇ ಎಂದು.